ತಳದಿಂದ ಕಟ್ಟಿದ ಹಾಡು: ಗೆಯೋರ್ಗ್ ರೀಡೆಲ್ ಅವರ ಸಂಗೀತ

ಗೆಯೋರ್ಗ್ ರೀಡೆಲ್ ಅವರನ್ನು ಸಾಮಾನ್ಯವಾಗಿ ಎರಡು ಸಲ ಪರಿಚಯಿಸುವ ರೂಢಿಯಿದೆ. ಒಮ್ಮೆ, 1950ರ ದಶಕದಿಂದ ಸ್ವೀಡನ್ನಿನ ಪ್ರಮುಖ ಜಾಝ್ ತಂಡಗಳಲ್ಲಿ ಡಬಲ್ ಬೇಸ್ ನುಡಿಸಿದ ವಾದಕರೆಂದು. ಇನ್ನೊಮ್ಮೆ, ಆಸ್ಟ್ರಿಡ್ ಲಿಂಡ್‌ಗ್ರೆನ್ ಅವರ ಕಥೆಗಳನ್ನಾಧರಿಸಿದ ಚಿತ್ರಗಳಿಗೆ ಮಕ್ಕಳ ಹಾಡು ಕಟ್ಟಿಕೊಟ್ಟ ಸಂಯೋಜಕರೆಂದು. ಮೊದಲನೆಯದು ಕಲೆ, ಎರಡನೆಯದು ಬಿಡುವಿನ ಕೆಲಸ ಎಂಬ ತಾರತಮ್ಯ ಈ ವಿಂಗಡಣೆಯೊಳಗೆ ಸದ್ದಿಲ್ಲದೆ ಕುಳಿತಿರುತ್ತದೆ. ನನ್ನ ವಾದ ಬೇರೆ. ರೀಡೆಲ್ ಮಾಡಿದ್ದು ಒಂದೇ ಕೆಲಸ. ಬೇಸ್ ವಾದಕನಿಗೆ ಅಭ್ಯಾಸವಾಗುವ ಆಲಿಸುವಿಕೆ, ಅಂದರೆ ಹಾಡನ್ನು ಮೇಲಿನಿಂದಲ್ಲ, ತಳದಿಂದ ಕೇಳುವ ಕ್ರಮ, ಅವರ ಮಕ್ಕಳ ಹಾಡುಗಳನ್ನು ರೂಪಿಸಿತು. ಆ ಹಾಡುಗಳನ್ನು ಬದಿಗಿಟ್ಟರೆ ಅವರ ಜಾಝ್ ಕೂಡ ಅರ್ಧವೇ ಅರ್ಥವಾಗುತ್ತದೆ.

ಬದುಕಿನ ವಿವರಗಳನ್ನು ಬೇಗ ಹೇಳಿಬಿಡಬಹುದು. ಅವರು ಹುಟ್ಟಿದ್ದು 1934ರ ಜನವರಿ 8ರಂದು, ಆಗಿನ ಚೆಕೊಸ್ಲೊವಾಕಿಯಾದ ಕಾರ್ಲ್ಸ್‌ಬಾಡ್‌ನಲ್ಲಿ. ನಾಲ್ಕು ವರ್ಷದ ಮಗುವಾಗಿದ್ದಾಗ, ಮಧ್ಯ ಯುರೋಪಿನ ಮೇಲೆ ನಾಜಿಗಳ ನೆರಳು ಬಿದ್ದ ಹೊತ್ತಿನಲ್ಲಿ, ಕುಟುಂಬ ಸ್ವೀಡನ್ನಿಗೆ ಬಂತು. ಸ್ಟಾಕ್‌ಹೋಮ್‌ನಲ್ಲಿ ಅವರು ಓದಿದ ಅಡಾಲ್ಫ್ ಫ್ರೆಡ್ರಿಕ್ ಸಂಗೀತ ಶಾಲೆಗೆ ವೃಂದಗಾನವೇ ಪ್ರಾಣ. ಮುಂದೆ ಬೇಸ್ ಹಿಡಿದ ಹುಡುಗ ಹತ್ತಾರು ದನಿಗಳ ನಡುವೆ ನಿಂತು ಹಾಡಲು ಕಲಿತವನು ಎನ್ನುವುದನ್ನು ನೆನಪಿಟ್ಟುಕೊಳ್ಳೋಣ. ಇಪ್ಪತ್ತರ ಹರೆಯಕ್ಕೆ ಅವರು ಬ್ಯಾರಿಟೋನ್ ಸ್ಯಾಕ್ಸೊಫೋನ್ ವಾದಕ ಲಾರ್ಸ್ ಗುಲ್ಲೀನ್ ಅವರ ತಂಡದಲ್ಲಿದ್ದರು. ಆಮೇಲೆ ಆರ್ನೆ ಡೊಮ್ನೇರುಸ್ ಅವರ ತಂಡ ಸೇರಿದರು, ಆ ನಂಟು ದಶಕಗಳ ಕಾಲ ಉಳಿಯಿತು. 2024ರ ಫೆಬ್ರವರಿ 25ರಂದು, ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು.

ಜಾಝ್ ತಂಡದಲ್ಲಿ ಬೇಸ್‌ನ ಪಾಲಿಗೆ ಬರುವ ಕೆಲಸ ಎರಡು: ಕಾಲವನ್ನು ಹಿಡಿದಿಡುವುದು, ಮೇಲಿನ ಸ್ವರಗುಚ್ಛಗಳಿಗೆಲ್ಲ ಆಧಾರಸ್ವರ ಒದಗಿಸುವುದು. ನಮ್ಮ ಕಛೇರಿಯ ಮೃದಂಗ ಮತ್ತು ತಂಬೂರಿಗಳ ಹೊಣೆಯನ್ನು ಒಬ್ಬನೇ ಹೊತ್ತಂತೆ ಎನ್ನಬಹುದು. ಆದರೆ ತಂಬೂರಿಯ ಆಧಾರ ಕದಲುವುದಿಲ್ಲ, ಬೇಸ್‌ನದು ಕ್ಷಣಕ್ಷಣಕ್ಕೂ ಕದಲುತ್ತದೆ. ಪಿಯಾನೋ ಒಂದೇ ಸ್ವರಗುಚ್ಛ ನುಡಿಸುತ್ತಿರಲಿ, ಕೆಳಗೆ ಬೇಸ್ ಬೇರೆ ಸ್ವರ ಮೀಟಿದರೆ ಆ ಗುಚ್ಛದ ಅರ್ಥವೇ ಬದಲಾಗುತ್ತದೆ. ಕೇಳುಗನಿಗೆ ಬದಲಾದದ್ದು ತಿಳಿಯುತ್ತದೆ, ಬದಲಿಸಿದವರು ಯಾರೆಂದು ತಿಳಿಯುವುದಿಲ್ಲ. ಇನ್ನೊಂದು ಸಂಗತಿಯಿದೆ. ಬೆರಳಿನಿಂದ ಮೀಟಿದ ಬೇಸ್ ತಂತಿಯ ನಾದ ಬೇಗ ಕ್ಷೀಣಿಸುತ್ತದೆ. ಕೆಳಸ್ಥಾಯಿಯಲ್ಲಿ ಸ್ವರಗಳನ್ನು ಒತ್ತೊತ್ತಾಗಿ ನುಡಿಸಿದರೆ ಎಲ್ಲವೂ ಕಲಸಿಹೋಗುತ್ತದೆ. ಹೀಗಾಗಿ ಯಾವ ಸ್ವರ ಬೇಕು ಎನ್ನುವಷ್ಟೇ ಯಾವುದು ಬೇಡ ಎಂಬ ತೀರ್ಮಾನವೂ ಈ ವಾದ್ಯದಲ್ಲಿ ದಿನನಿತ್ಯದ್ದು.

ಇದಕ್ಕೆ ದೊಡ್ಡ ಸಾಕ್ಷಿ ‘ಯಾಝ್ ಪೋ ಸ್ವೆನ್ಸ್ಕಾ’ ಎಂಬ ಧ್ವನಿಮುದ್ರಿಕೆ. ಪಿಯಾನೋ ವಾದಕ ಯಾನ್ ಯೋಹಾನ್ಸನ್ ಮತ್ತು ರೀಡೆಲ್ ಇಬ್ಬರೇ ಸೇರಿ 1962–63ರಲ್ಲಿ ನುಡಿಸಿದ ಹನ್ನೆರಡು ಜನಪದ ಮಟ್ಟುಗಳು 1964ರಲ್ಲಿ ಎಲ್‌ಪಿಯಾಗಿ ಬಂದವು. ಮಟ್ಟುಗಳ ಮುಖ್ಯ ಮೂಲ 1922ರಿಂದ 1940ರವರೆಗೆ ಸಂಪುಟಗಳಾಗಿ ಪ್ರಕಟವಾದ ‘ಸ್ವೆನ್ಸ್ಕಾ ಲೋತಾರ್’ ಸಂಗ್ರಹ. ಡಾಲಾರ್ನಾ, ಯೆಮ್ಟ್‌ಲಂಡ್‌ನಂಥ ಪ್ರಾಂತಗಳ ಹಳ್ಳಿ ಪಿಟೀಲುಗಾರರಿಂದ, ಹಾಡುಗಾರರಿಂದ ಕೇಳಿ ಬರೆದುಕೊಂಡವು. ಎರಡೂವರೆ ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾದ ಈ ಮುದ್ರಿಕೆಯನ್ನು ಸ್ವೀಡನ್ನಿನ ಜಾಝ್ ಮುದ್ರಿಕೆಗಳಲ್ಲಿ ಅತಿ ಹೆಚ್ಚು ಮಾರಾಟವಾದದ್ದೆಂದು ಗುರುತಿಸುತ್ತಾರೆ. ನಮ್ಮ ಗಮನ ಇರಬೇಕಾದದ್ದು ಇದರಲ್ಲಿ ಇಲ್ಲದಿರುವ ವಾದ್ಯದ ಮೇಲೆ. ಡ್ರಮ್ಸ್ ಇಲ್ಲ. 1961ರಲ್ಲಿ ಯೋಹಾನ್ಸನ್ ಒಂದು ವಲಸೆಗಾರರ ಹಾಡನ್ನು ಡ್ರಮ್ಸ್ ಸಹಿತ, ಬೇರೊಬ್ಬ ಬೇಸ್ ವಾದಕನೊಂದಿಗೆ, ಮೂವರ ತಂಡದಲ್ಲಿ ನುಡಿಸಿದ್ದರು. ಜನಪದ ಮಟ್ಟನ್ನು ಜಾಝ್‌ಗೆ ತರುವ ಯೋಚನೆ ಆಗಲೇ ಅವರಲ್ಲಿತ್ತು. ಹೊಸದಾಗಿ ಬಂದದ್ದು ಇಬ್ಬರ ನಡುವಿನ ಬಯಲು. ಡ್ರಮ್ಸ್ ಸರಿದ ಮೇಲೆ ಕಾಲದ ಹೊಣೆ ಬೇಸ್‌ನತ್ತ ಹೊರಳಿತು. ರೀಡೆಲ್ ಅದನ್ನು ಗಳಿಗೆಗಳಿಗೆಗೂ ನಾಲ್ಕು ಪೆಟ್ಟು ಕೊಟ್ಟು ತೀರಿಸಲಿಲ್ಲ. ಕೆಲವೆಡೆ ಒಂದೇ ಸ್ವರವಿಟ್ಟು ಸುಮ್ಮನಾಗುತ್ತಾರೆ, ಕೆಲವೆಡೆ ಪಿಯಾನೋದ ಸಾಲಿಗೆ ಮರುಸಾಲು ಹೇಳುತ್ತಾರೆ. ‘ಊಟನ್‌ಮೀರಾದ ಹಾಡು’ ಕೇಳಿದವರಿಗೆ ಲಯ ಎಲ್ಲಿಯೂ ತಪ್ಪಿದಂತೆ ಅನ್ನಿಸುವುದಿಲ್ಲ, ಅದನ್ನು ಬಡಿದು ತೋರಿಸಿದಂತೆಯೂ ಅನ್ನಿಸುವುದಿಲ್ಲ.

ಇಲ್ಲಿ ಮೊದಲ ಆಕ್ಷೇಪ ಎದ್ದುನಿಲ್ಲುತ್ತದೆ. ಇದು ಯೋಹಾನ್ಸನ್ ಅವರ ಕೃತಿ. ಮಟ್ಟು ಆರಿಸಿದವರು, ವಿನ್ಯಾಸ ಮಾಡಿದವರು ಅವರು. ಜೊತೆಗಾರನಿಗೆ ಇಷ್ಟು ಪಾಲು ಕೊಡುವುದು ಅತಿಯಲ್ಲವೇ? ಕೃತಿ ಯೋಹಾನ್ಸನ್ ಅವರದು, ಅದರಲ್ಲಿ ತಕರಾರಿಲ್ಲ. ಮಕ್ಕಳ ಹಾಡಿನ ದಾರಿ ತೆರೆದವರಲ್ಲಿಯೂ ಅವರೇ ಮುಂದಿದ್ದರು: 1969ರ ಪಿಪ್ಪಿ ಲೋಂಗ್‌ಸ್ಟ್ರುಂಪ್ ಟೆಲಿವಿಷನ್ ಸರಣಿಯ ಶೀರ್ಷಿಕೆ ಗೀತೆಯ ರಾಗ ಅವರದೇ. ಆದರೆ ಕಾಲಾನುಕ್ರಮವನ್ನು ನೋಡಿ. ಯೋಹಾನ್ಸನ್ 1968ರ ನವೆಂಬರ್‌ನಲ್ಲಿ, ಕಛೇರಿಯೊಂದಕ್ಕೆ ಹೊರಟ ದಾರಿಯಲ್ಲಿ, ಕಾರು ಅಪಘಾತದಲ್ಲಿ ಮಡಿದರು. ಆಗ ಅವರಿಗೆ 37 ವರ್ಷ. ಓಲೆ ಹೆಲ್‌ಬೂಮ್ ನಿರ್ದೇಶಿಸಿದ, ಲಿಂಡ್‌ಗ್ರೆನ್ ಕಥೆಗಳಲ್ಲಿ ಬರುವ ಲೊನ್ನೆಬೆರ್ಯಾದ ತುಂಟ ಎಮಿಲ್‌ನ ಮೊದಲ ಚಿತ್ರ ಬಂದದ್ದು 1971ರಲ್ಲಿ. ಅದರ ಸಂಗೀತ ಪೂರ್ತಿ ರೀಡೆಲ್ ಅವರ ಹೊಣೆ. ಅಷ್ಟು ಹೊತ್ತಿಗೆ ಅವರು ದೊಡ್ಡ ಪ್ರಮಾಣದ ರಚನೆಗೂ ಹೊಸಬರಾಗಿರಲಿಲ್ಲ. 1967ರಲ್ಲೇ ಸ್ವೀಡಿಷ್ ಟೆಲಿವಿಷನ್‌ಗಾಗಿ ಅಮೆರಿಕದ ನೃತ್ಯಸಂಯೋಜಕ ಆಲ್ವಿನ್ ಎಯ್ಲಿ ಅವರ ‘ರೀಡೈಲಿಯಾ’ಕ್ಕೆ ಸಂಗೀತ ಬರೆದಿದ್ದರು. ಗೆಳೆಯನ ನೆರಳಿನಲ್ಲಿದ್ದ ಜೊತೆಗಾರ ಎಂಬ ಚಿತ್ರ ಈ ಇಸವಿಗಳ ಮುಂದೆ ನಿಲ್ಲದು.

ಎಮಿಲ್‌ನ ಹಾಡುಗಳಲ್ಲಿ ನನ್ನ ವಾದಕ್ಕೆ ಹೆಚ್ಚು ಒದಗುವುದು 1973ರ ಮೂರನೆಯ ಚಿತ್ರದಲ್ಲಿರುವ, ಎಮಿಲ್‌ನ ಪುಟ್ಟ ತಂಗಿ ಈಡಾ ಹಾಡುವ ಬೇಸಗೆಯ ಹಾಡು. ಬೇಸಗೆ ತಾನಾಗಿ ಬರುವುದಿಲ್ಲ, ಯಾರಾದರೂ ಅದಕ್ಕೆ ಚಾಲನೆ ಕೊಡಬೇಕು, ಆ ಕೆಲಸ ಮಾಡುವವಳು ನಾನೇ ಎನ್ನುತ್ತಾಳೆ ಆ ಮಗು. ಇಂಥ ಮಾತಿಗೆ ಅಗ್ಗದ ಕುಣಿತದ ಮಟ್ಟು ಹಾಕುವುದು ಬಹಳ ಸುಲಭವಿತ್ತು. ರೀಡೆಲ್ ರಾಗ ಅವಸರಪಡುವುದಿಲ್ಲ; ಹುಡುಗಿಯ ಜಂಬವನ್ನು ನೋಡಿ ನಗುವುದೂ ಇಲ್ಲ. ಪದಗಳ ಸಹಜ ಒತ್ತು ಎಲ್ಲಿದೆಯೋ ಅಲ್ಲೇ ರಾಗದ ಒತ್ತು ಬೀಳುತ್ತದೆ. ಹಾಡಿನ ದನಿಗೆ ಅಲಂಕಾರದ ಭಾರವಿಲ್ಲ, ಹಾಡು ಕದಲಿದಂತೆ ಅನ್ನಿಸುವುದು ಬಹುಪಾಲು ಅದರಡಿಯ ಸ್ವರಾಧಾರ ಹೆಜ್ಜೆ ಬದಲಿಸುವುದರಿಂದ. ಬೇಸ್ ಹಿಡಿದು ಬಾಳಿದವರು ಹಾಡು ಕಟ್ಟಿದರೆ ಹೀಗಿರುತ್ತದೆ ಎಂದು ಹೇಳಲು ನನಗೆ ಸಂಕೋಚವಿಲ್ಲ.

ಆ ಹಾಡು ಗೆದ್ದದ್ದು ಲಿಂಡ್‌ಗ್ರೆನ್ ಅವರ ಮಾತಿನಿಂದ ಮತ್ತು ಸಿನಿಮಾದ ಜನಪ್ರಿಯತೆಯಿಂದ ಎನ್ನುವವರಿದ್ದಾರೆ. ಹಾಗಿದ್ದರೆ ಆ ಚಿತ್ರಗಳ ಹಾಡುಗಳೆಲ್ಲ ಒಂದೇ ಬಗೆಯಲ್ಲಿ ಉಳಿಯಬೇಕಿತ್ತು. ಈಡಾಳ ಹಾಡಿಗೆ ಮಾತ್ರ ಚಿತ್ರದಾಚೆ ಒಂದು ಸಾರ್ವಜನಿಕ ಕೆಲಸ ಸಿಕ್ಕಿತು. ಸ್ವೀಡನ್ನಿನ ಶಾಲೆಗಳಲ್ಲಿ ಜೂನ್ ಹೊತ್ತಿಗೆ ವರ್ಷ ಮುಗಿಯುವ ಸಮಾರಂಭದಲ್ಲಿ ಹಾಡುತ್ತ ಬಂದದ್ದು 1695ರ ಸ್ತೋತ್ರಸಂಪುಟದಲ್ಲಿದ್ದ, ಹೂವಿನ ಋತುವನ್ನು ಸ್ವಾಗತಿಸುವ ಒಂದು ಕ್ರೈಸ್ತ ಗೀತೆ. ಇಂದು ಅದರ ಪಕ್ಕದಲ್ಲೇ ಈಡಾಳ ಹಾಡು ನಿಂತಿದೆ. ಶತಮಾನಗಳ ಸ್ತೋತ್ರದ ಜೊತೆ ಸರಿಸಮ ಕೂರಬೇಕಾದರೆ ತರಬೇತಿಯಿಲ್ಲದ ನೂರಾರು ದನಿಗಳು ಒಟ್ಟಿಗೆ ಹಾಡಿದರೂ ರಾಗ ಚೆದುರಬಾರದು. ಈ ಗಟ್ಟಿತನವನ್ನು ಸಿನಿಮಾದ ಜಾಹೀರಾತು ಕೊಡಲಾರದು. ಅಡಾಲ್ಫ್ ಫ್ರೆಡ್ರಿಕ್ ಶಾಲೆಯ ವೃಂದಗಾನ ಇಲ್ಲಿ ಕೆಲಸಕ್ಕೆ ಬಂದಿರಬಹುದು ಎಂಬುದು ನನ್ನ ಊಹೆ, ಅಷ್ಟೇ. ಇನ್ನು ಗುನಿಲ್ಲಾ ಬೆರ್ಯ್‌ಸ್ಟ್ರೊಮ್ ಅವರ ಪುಸ್ತಕಗಳ ಹುಡುಗ ಆಲ್ಫೋನ್ಸ್ ಓಬೆರ್ಯ್ 1979ರಲ್ಲಿ ಟೆಲಿವಿಷನ್ ಆ್ಯನಿಮೇಷನ್‌ಗೆ ಬಂದಾಗ ರೀಡೆಲ್ ಕೊಟ್ಟದ್ದು ಮುಚ್ಚುಮರೆಯಿಲ್ಲದ ಜಾಝ್. ಜಾಝ್ ಎಂಬ ಹೆಸರನ್ನೇ ಅರಿಯದ ಎಳೆಯರ ಕಿವಿಗೆ ಅದು ಹಾಗೆಯೇ ಇಳಿಯಿತು.

ಹೆಚ್ಚು ಗಂಭೀರವಾದ ಆಕ್ಷೇಪ ಜಾಝ್ ಪ್ರೇಮಿಗಳದು. ಜನಪದ ಮಟ್ಟುಗಳ ಈ ಶಾಂತ ಸಂಗೀತದಲ್ಲಿ ಜಾಝ್‌ನ ಬಿಸಿಯೆಲ್ಲಿ, ಆಫ್ರಿಕನ್ ಅಮೆರಿಕನ್ನರು ಅದಕ್ಕೆ ಕೊಟ್ಟ ತೂಗಾಟವೆಲ್ಲಿ, ಇದು ಊರು ಬಿಟ್ಟು ನಗರ ಸೇರಿದವರ ಹಳ್ಳಿಯ ಹಂಬಲವಲ್ಲವೇ ಎಂಬ ಪ್ರಶ್ನೆ. ಹಂಬಲ ಅದರ ಮಾರಾಟಕ್ಕೆ ನೆರವಾಗಿರಲಿಕ್ಕೆ ಸಾಕು. ಆದರೆ ಆ ಮಟ್ಟುಗಳಲ್ಲಿ ಯೋಹಾನ್ಸನ್ ಬೆರಳು ಬ್ಲೂಸ್‌ನತ್ತ ವಾಲುವಾಗ ಬೇಸ್ ಅದನ್ನು ಹಿಡಿದುಕೊಳ್ಳುವ ರೀತಿ ಹಳ್ಳಿಯದಲ್ಲ, ಗುಲ್ಲೀನ್ ತಂಡದ ರಾತ್ರಿಗಳಲ್ಲಿ ಕಲಿತದ್ದು. ಸ್ವೀಡಿಷ್ ಧ್ವನಿಯೆಂದು ಜನ ಹೆಮ್ಮೆಪಡುವ ಮುದ್ರಿಕೆಯ ತಳಸ್ವರ ಕಾರ್ಲ್ಸ್‌ಬಾಡ್‌ನಿಂದ ಬಂದ ನಿರಾಶ್ರಿತ ಮಗುವಿನದು ಎನ್ನುವುದೂ ಆ ಹೆಮ್ಮೆಯನ್ನು ಸ್ವಲ್ಪ ಸಡಿಲಿಸಬೇಕು. ತೂಗಾಟ ಬಾರದೆ ಬಿಟ್ಟವರಲ್ಲ ಅವರು ಎಂಬುದಕ್ಕೆ 1976ರ ಡಿಸೆಂಬರ್‌ನ ಎರಡು ರಾತ್ರಿಗಳ ದಾಖಲೆಯೇ ಇದೆ. ಹಿಂದೊಮ್ಮೆ ಗಿರವಿ ಅಂಗಡಿಯಾಗಿದ್ದ ಸ್ಟಾಕ್‌ಹೋಮ್‌ನ ‘ಸ್ಟಾಂಪೆನ್’ ಕ್ಲಬ್ಬಿನಲ್ಲಿ ಡೊಮ್ನೇರುಸ್ ತಂಡ ನುಡಿಸಿದ್ದನ್ನು ಗೆರ್ಟ್ ಪಾಲ್ಮ್‌ಕ್ರಾಂಟ್ಸ್ ಮುದ್ರಿಸಿಕೊಂಡರು. ‘ಜಾಝ್ ಅಟ್ ದ ಪಾನ್‌ಶಾಪ್’ ಎಂಬ ಆ ಮುದ್ರಿಕೆಯನ್ನು ಧ್ವನಿಯಂತ್ರಗಳ ಹುಚ್ಚಿರುವವರು ಜಗತ್ತಿನಾದ್ಯಂತ ಸ್ಪೀಕರ್ ಪರೀಕ್ಷೆಗೆಂದು ಹಾಕುತ್ತಾರೆ. ತಟ್ಟೆ ಲೋಟಗಳ ಸದ್ದಿನ ನಡುವೆ ಅಲ್ಲಿ ರೀಡೆಲ್, 1964ರ ಮುದ್ರಿಕೆಯಲ್ಲಿ ಬೇಡವೆಂದು ಬಿಟ್ಟಿದ್ದ ಆ ನಾಲ್ಕು ಪೆಟ್ಟಿನ ನಡೆಯನ್ನು ರಾತ್ರಿಯಿಡೀ, ಖುಷಿಯಿಂದಲೇ, ನುಡಿಸುತ್ತಾರೆ.