ದೋಣಿಯ ಗುರುತು ಸಾರುವ ಪೆಟ್ಟಿಗೆ

ಚಂದ್ರಗಿರಿಯ ಅಳಿವೆ ದಾಟಿ ಕಡಲಿಗಿಳಿದ ವಿಹಾರದೋಣಿ ಕತ್ತಲಲ್ಲಿ ದೊಡ್ಡ ಹಡಗಿನವರ ಕಣ್ಣಿಗೆ ಬೀಳುವುದು ಕಷ್ಟ. ಅದಕ್ಕೊಂದು ಉಪಾಯ 'ಎ.ಐ.ಎಸ್.' ಎಂಬ ಪೆಟ್ಟಿಗೆ. ಉಪಗ್ರಹಗಳಿಂದ ತನ್ನ ಸ್ಥಾನ ತಿಳಿದು, ಅದನ್ನೂ ವೇಗ, ದಿಕ್ಕುಗಳನ್ನೂ ರೇಡಿಯೋ ಮೂಲಕ ಸುತ್ತಲಿನ ಹಡಗುಗಳಿಗೆ ಸಾರುತ್ತದೆ. ಸಣ್ಣ ದೋಣಿಗಳ 'ಬಿ' ವರ್ಗದ ಪೆಟ್ಟಿಗೆ ಚಲಿಸುವಾಗ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ, ನಿಂತಾಗ 3 ನಿಮಿಷಕ್ಕೊಮ್ಮೆ ಸುದ್ದಿ ಕಳಿಸುತ್ತದೆ.

ಆಂಟೆನಾ ಎತ್ತರದಲ್ಲಿರಲಿ, ಎತ್ತರವಿದ್ದಷ್ಟು ದೂರ ಕೇಳಿಸುತ್ತದೆ. 9 ಅಂಕಿಗಳ ಗುರುತುಸಂಖ್ಯೆಯನ್ನು ಸರಿಯಾಗಿ ತುಂಬಿಸಿರಿ. ಬ್ಯಾಂಕಿನ ಖಾತೆಯಂತೆಯೇ, ಒಂದಂಕಿ ತಪ್ಪಿದರೆ ಇನ್ನೊಬ್ಬರ ಲೆಕ್ಕಕ್ಕೆ ಹೋದೀತು.

ಆದರೆ ಪೆಟ್ಟಿಗೆಯಿಲ್ಲದ ನಾಡದೋಣಿ ನಿಮ್ಮ ಪರದೆಯಲ್ಲಿ ಮೂಡದು. ಬಲೆ ಬೀಸಿ ಕುಳಿತ ಬಡ ಮೀನುಗಾರನನ್ನು ಕಾಯಬೇಕಾದುದು ನಿಮ್ಮ ಕಣ್ಣೇ. ಪರದೆ ನೋಡಿರಿ, ಕಡಲನ್ನೂ ನೋಡಿರಿ.