ಮನೆಯಲ್ಲಿ ನಾದಸಂಗ್ರಹ



೧೯೩೫ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಸ್ವಂತ ಮನೆಯಲ್ಲಿಯೇ ಬಾನುಲಿ ಕೇಂದ್ರವೊಂದನ್ನು ಆರಂಭಿಸಿದರು. ಅದಕ್ಕೆ ಆಕಾಶವಾಣಿಯೆಂಬ ಹೆಸರು ನಿಂತಿತು. ನಾದವನ್ನು ಯಂತ್ರಕ್ಕೆ ಒಪ್ಪಿಸುವ ವಿದ್ಯೆಗೂ ಮನೆಯ ಪಡಸಾಲೆಗೂ ನಮ್ಮ ನಾಡಿನಲ್ಲಿ ನಂಟು ಹೊಸದಲ್ಲವೆಂದು ತೋರಿಸುವುದಕ್ಕಾಗಿ ಈ ಸಂಗತಿಯನ್ನು ಮೊದಲಲ್ಲಿ ನೆನೆದೆವು. ಅಂದು ಒಬ್ಬ ವಿದ್ವಾಂಸರ ಸಾಹಸವಾಗಿದ್ದುದು ಇಂದು ಯಾವ ಗೃಹಸ್ಥನಿಗೂ ಸಾಧ್ಯವಾಗಿದೆ. ಆದರೆ ಸಾಧನವು ಕೈಗೆಟಕಿದ ಮಾತ್ರಕ್ಕೆ ವಿವೇಕವೂ ಕೈಗೆಟಕಿತೆಂದು ಹೇಳಲಾಗದು.

ಇದನ್ನು ನಾವು ಕಲಿತದ್ದು ನಮ್ಮ ತಪ್ಪಿನಿಂದಲೇ. ಚಿತ್ರದುರ್ಗ, ಹಿರಿಯೂರು ಸೀಮೆಯ ಕಾಡುಗೊಲ್ಲರಲ್ಲಿ ಗಣೆಯೆಂಬ ಉದ್ದನೆಯ ಬಿದಿರಿನ ಕೊಳಲುಂಟು. ಜುಂಜಪ್ಪನ ಕಥೆಯ ಹಾಡಿಗೆ ಅದೇ ಒಡನಾಡಿ. ಹಿರಿಯೂರಿನ ಕಡೆಯ ಹಟ್ಟಿಯೊಂದರಲ್ಲಿ ವೃದ್ಧರೊಬ್ಬರು ಮುಸ್ಸಂಜೆಯಲ್ಲಿ ಒಂದು ಗಂಟೆಯ ಕಾಲ ಗಣೆ ಊದಿದರು. ನಾವು ಜೇಬಿನ ಫೋನನ್ನು ಕಲ್ಲಿನ ಮೇಲಿಟ್ಟು ಧ್ವನಿಯನ್ನು ಹಿಡಿದೆವು. ಮನೆಗೆ ಬಂದು ಕೇಳಿದರೆ, ದುರ್ಗದ ಗಾಳಿಯ ಭೋರ್ಗರೆತವೇ ಮುಂದೆ, ಗಣೆ ಎಲ್ಲೋ ಹಿಂದೆ! ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿ ನಮ್ಮ ಮೇಲೆ ದಯೆ ತೋರೀತೇ? ಮರುವರ್ಷ ಒಳ್ಳೆಯ ಯಂತ್ರದೊಡನೆ ಹೋದೆವು. ಅಷ್ಟರಲ್ಲಿ ಹಿರಿಯರ ಮುಂದಿನ ಹಲ್ಲುಗಳು ಬಿದ್ದುಹೋಗಿದ್ದವು; ತುಟಿಯಲ್ಲಿ ಉಸಿರು ನಿಲ್ಲುತ್ತಿರಲಿಲ್ಲ. ಗಣೆಯನ್ನು ಕೈಯಲ್ಲಿ ಹಿಡಿದು ನಕ್ಕರು, ಊದಲಿಲ್ಲ. ಆ ನಗೆಯೇ ಇಂದಿನ ಈ ಭಾಷಣಕ್ಕೆ ಕಾರಣ.

ಮೈಕ್ರೊಫೋನುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಮೊದಲನೆಯದು ಡೈನಮಿಕ್. ಅದರಲ್ಲಿ ತೆಳುಪೊರೆಗೆ ಅಂಟಿದ ತಂತಿಯ ಸುರುಳಿಯು ಅಯಸ್ಕಾಂತದ ನಡುವೆ ಅಲುಗಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಇದು ಗಟ್ಟಿಮುಟ್ಟಾದುದು, ಎಷ್ಟು ದೊಡ್ಡ ಸದ್ದಿಗೂ ಅಂಜದು, ಆದರೆ ಮೆಲುದನಿಗೆ ಮಂದ. ಎರಡನೆಯದು ಕಂಡೆನ್ಸರ್, ಅಮೆರಿಕದ ವೆಂಟೆ ಎಂಬವರು ೧೯೧೬ರಲ್ಲಿ ರೂಪಿಸಿದ್ದು. ಇದರಲ್ಲಿ ಸೂಕ್ಷ್ಮವಾದ ಪೊರೆಯೂ ಅಚಲವಾದ ಫಲಕವೂ ಎದುರುಬದುರಾಗಿದ್ದು, ಅವುಗಳ ಅಂತರ ಬದಲಾದಂತೆ ವಿದ್ಯುತ್ತೂ ಬದಲಾಗುತ್ತದೆ. ವೀಣೆಯ ಗಮಕದ ಕೊನೆಯೆಳೆಯನ್ನೂ ಇದು ಹಿಡಿಯಬಲ್ಲದು. ಆದರೆ ಇದಕ್ಕೆ ಸಾಮಾನ್ಯವಾಗಿ ೪೮ ವೋಲ್ಟಿನ ಹೊರಬಲ ಬೇಕು. ಬೀದಿಯ ಆಟೋರಿಕ್ಷಾದ ಸದ್ದನ್ನೂ ಇದು ಅಷ್ಟೇ ಪ್ರೀತಿಯಿಂದ ಹಿಡಿಯುತ್ತದೆಂಬುದನ್ನು ಮರೆಯಬಾರದು.

ಇನ್ನೊಂದು ಭೇದ ದಿಕ್ಕಿನದು. ಕೆಲವು ಮೈಕ್ರೊಫೋನುಗಳು ಎದುರಿನ ಧ್ವನಿಯನ್ನು ಮಾತ್ರ ಆದರಿಸುತ್ತವೆ. ಕೆಲವು ಸುತ್ತಲ ಧ್ವನಿಯನ್ನೆಲ್ಲ ಸಮವಾಗಿ ಸ್ವೀಕರಿಸುತ್ತವೆ. ಏಕಮುಖಿಯಾದುದನ್ನು ವಾದ್ಯಕ್ಕೆ ತೀರ ಸಮೀಪವಿಟ್ಟರೆ ಮಂದ್ರಸ್ವರಗಳು ಅಸಹಜವಾಗಿ ಉಬ್ಬುತ್ತವೆ. ಗಾಳಿಯ ಹೊಡೆತವೂ ಅದಕ್ಕೇ ಹೆಚ್ಚು. ಸರ್ವಮುಖಿಗೆ ಈ ದೋಷಗಳು ಕಡಮೆ. ಆದರೆ ಅದು ಕೋಣೆಯ ಮಾರ್ದನಿಯನ್ನು ಬಿಡದು. ಆದಕಾರಣ ಹಟ್ಟಿಯ ಬಯಲಿಗೆ ತುಪ್ಪುಳದ ಹೊದಿಕೆ ತೊಡಿಸಿದ ಸರ್ವಮುಖಿಯೂ, ಪೇಟೆಯ ಮನೆಗೆ ಏಕಮುಖಿಯೂ ಲೇಸೆಂಬುದು ನಮ್ಮ ಅನುಭವ.

ವಾದ್ಯವನ್ನರಿತು ಮೈಕ್ರೊಫೋನನ್ನು ಆರಿಸಬೇಕು. ಗಣೆಗೆ ಕಂಡೆನ್ಸರ್ ಒಳ್ಳೆಯದು. ಅದನ್ನು ಉಸಿರಿನ ನೇರಕ್ಕೆ ಇಡದೆ, ಪಕ್ಕಕ್ಕೆ ಸರಿಸಿ, ಒಂದು ಮೊಳ ದೂರದಲ್ಲಿ ನಿಲ್ಲಿಸಬೇಕು. ವೀಣೆಗೆ ಕುಡಿಕೆಯ ಮೇಲ್ಹಲಗೆಯತ್ತ ಮುಖಮಾಡಿಸಿ, ಒಂದೂವರೆ ಮೊಳ ದೂರವಿರಿಸಿದರೆ ಮರದ ದನಿಯೂ ತಂತಿಯ ದನಿಯೂ ಬೆರೆತು ಬರುತ್ತವೆ. ಮ್ಯಾಸಬೇಡರ ಉರುಮೆಯದು ಬೇರೆಯೇ ಸಮಸ್ಯೆ: ಅದರ ಒಂದು ಮುಖವನ್ನು ಕೋಲಿನಿಂದ ಬಡಿಯುತ್ತಾರೆ, ಇನ್ನೊಂದನ್ನು ಕೋಲಿನಿಂದ ಉಜ್ಜುತ್ತಾರೆ. ಬಡಿತದ ಅಬ್ಬರದಲ್ಲಿ ಉಜ್ಜಿದಾಗಿನ ನರಳುದನಿ ಮುಚ್ಚಿಹೋಗದಂತೆ ಎರಡು ಮುಖಕ್ಕೂ ಒಂದೊಂದು ಡೈನಮಿಕ್ ಬೇಕು. ಹೊಳಲ್ಕೆರೆಯ ಭಜನೆಯಲ್ಲಾಗಲಿ ಹೊಸದುರ್ಗದ ಕಡೆಯ ರಂಗಗೀತೆಯಲ್ಲಾಗಲಿ ಹಾರ್ಮೋನಿಯಂ ಇದ್ದರೆ, ತಿದಿಯ ಉಸಿರು ಕೇಳಿಸದಷ್ಟು ದೂರ ಸರಿಯುವುದು ಕ್ಷೇಮ.

ಇನ್ನು ಮೈಕ್ರೊಫೋನಿಗೂ ಕಂಪ್ಯೂಟರಿಗೂ ನಡುವಣ ದುಭಾಷಿಯಾದ ಆಡಿಯೋ ಇಂಟರ್‌ಫೇಸು. ಇದು ಕ್ಷೀಣವಾದ ವಿದ್ಯುತ್ತನ್ನು ಹಿಗ್ಗಿಸಿ ಅಂಕಿಗಳನ್ನಾಗಿ ಮಾರ್ಪಡಿಸುತ್ತದೆ. ಮಿನುಗುವ ದೀಪಗಳಿಗೆ ಮರುಳಾಗದೆ ನಾಲ್ಕು ಗುಣಗಳನ್ನು ನೋಡಿದರೆ ಸಾಕು. ಎರಡು ಮೈಕ್ರೊಫೋನುಗಳಿಗೆ ಸ್ಥಳವಿರಬೇಕು. ೪೮ ವೋಲ್ಟಿನ ಗುಂಡಿಯಿರಬೇಕು. ಡೈನಮಿಕ್ಕಿನ ಮೆಲುದನಿಯನ್ನು ಸುಯ್ಯೆನ್ನದೆ ಎತ್ತುವ ಶಕ್ತಿಯಿರಬೇಕು. ಯುಎಸ್‌ಬಿ ತಂತಿಯಿಂದಲೇ ಶಕ್ತಿ ಪಡೆಯುವಂತಿರಬೇಕು. ಕೊನೆಯದು ನಮ್ಮ ಹಳ್ಳಿಗಳಿಗೆ ದೊಡ್ಡ ಉಪಕಾರ. ಕರೆಂಟು ಹೋದರೂ ಲ್ಯಾಪ್‌ಟಾಪಿನ ಬ್ಯಾಟರಿಯಿಂದ ಕೆಲಸ ಸಾಗುತ್ತದೆ. ಗೋಡೆಯ ಪ್ಲಗ್ಗನ್ನು ಕಳಚಿದ ಮೇಲೆ ೫೦ ಹರ್ಟ್ಸಿನ ಗುಂಯ್‌ಕಾರವೂ ಬಹುಪಾಲು ಅಡಗುತ್ತದೆ.

ಸಂಗ್ರಹವು ೨೪ ಬಿಟ್ಟಿನದಾಗಿರಲಿ. ಒಂದೊಂದು ಬಿಟ್ಟಿಗೂ ಸುಮಾರು ೬ ಡೆಸಿಬಲ್ಲಿನ ಹರಹು ಸಿಕ್ಕುವುದರಿಂದ, ಅತಿ ದೊಡ್ಡ ಸದ್ದನ್ನು ಮೇಲ್ಮಿತಿಗಿಂತ ೧೨ ಡೆಸಿಬಲ್ ಕೆಳಗೆ ನಿಲ್ಲಿಸಿದರೂ ಮೆಲುದನಿಗೆ ನಷ್ಟವಿಲ್ಲ. ಮೇಲ್ಮಿತಿಯನ್ನು ಮೀರಿ ಒಡೆದ ಧ್ವನಿಯನ್ನು ಮೊದಲಿನಂತೆ ಮಾಡುವುದು ಮಾತ್ರ ಅಸಾಧ್ಯವೆಂದೇ ತಿಳಿಯಬೇಕು.

ಹಣ ಅಲ್ಪವಾಗಿದ್ದವರು ಮೊದಲು ಕೋಣೆಯನ್ನು ಸರಿಪಡಿಸಲಿ. ಕಲ್ಲಿನ ನೆಲ, ಗಾರೆಯ ಗೋಡೆ, ತಗಡಿನ ಸೂರು ಇವು ನಾದದ ಶತ್ರುಗಳು. ದುರ್ಗದ ಸೀಮೆಯವರು ದೂರ ಹೋಗಬೇಕಾಗಿಲ್ಲ. ಚಳ್ಳಕೆರೆಯ ಉಣ್ಣೆಯ ಕಂಬಳಿಗಳನ್ನು ಗೋಡೆಗೆ ಅಂಟಿಸದೆ ಒಂದು ಗೇಣು ಈಚೆಗೆ ತೂಗುಬಿಟ್ಟರೆ ಕರ್ಕಶವಾದ ಮಾರ್ದನಿ ತಗ್ಗುತ್ತದೆ. ಮಂದ್ರದ ಗುಡುಗನ್ನು ಕಂಬಳಿ ತಡೆಯದು. ಅದಕ್ಕೆ ವಾದ್ಯವನ್ನು ಮೂಲೆಯಿಂದ ದೂರವಿಡುವುದೇ ಉಪಾಯ. ಬೆಲೆಬಾಳುವ ಮೈಕ್ರೊಫೋನು ಕೆಟ್ಟ ಕೋಣೆಯ ಕೆಟ್ಟತನವನ್ನು ಇನ್ನಷ್ಟು ಸ್ಪಷ್ಟವಾಗಿ ಹೇಳುತ್ತದೆ, ಅಷ್ಟೆ.

೧೯೨೫ಕ್ಕೆ ಮೊದಲು ಗ್ರಾಮಫೋನಿಗೆ ಹಾಡಿದವರು ತಗಡಿನ ಕಹಳೆಯೊಳಕ್ಕೆ ಮುಖವಿಟ್ಟು ಕೂಗಬೇಕಾಗಿತ್ತು. ೧೯೦೨ರಲ್ಲಿ ಕಲ್ಕತ್ತೆಯಲ್ಲಿ ಹಾಗೆ ಹಾಡಿದ ಗೌಹರ್ ಜಾನ್ ೧೯೩೦ರಲ್ಲಿ ನಮ್ಮ ಮೈಸೂರಿನಲ್ಲಿಯೇ ಕಾಲವಾದರು. ಅವರ ಕಂಠ ಇಂದಿಗೂ ಕೇಳಿಸುತ್ತದೆ. ಅಂದಿನ ಸಾಧನ ಒರಟಾಗಿತ್ತು, ಆದರೆ ಕೆಲಸ ಸಕಾಲದಲ್ಲಿ ನಡೆಯಿತು. ನಮ್ಮ ಸಾಧನ ನಯವಾಗಿದ್ದಿತು, ಹೊತ್ತು ಮೀರಿತ್ತು.

ಆದ್ದರಿಂದ ಮಹನೀಯರಲ್ಲಿ ನಮ್ಮ ಅರಿಕೆಯಿಷ್ಟೆ. ನಿಮ್ಮ ಮನೆಯಲ್ಲಿಯೋ ಕೇರಿಯಲ್ಲಿಯೋ ವಾದ್ಯ ನುಡಿಸುವ ಹಿರಿಯರಿದ್ದರೆ, ಅವರ ಒಪ್ಪಿಗೆ ಪಡೆದು ಈ ವಾರವೇ ಕುಳ್ಳಿರಿಸಿ. ಆರಂಭದಲ್ಲಿ ಅವರ ಹೆಸರು, ಊರು, ದಿನಾಂಕಗಳನ್ನು ಬಾಯಿಯಿಂದಲೇ ಹೇಳಿಸಿ. ಪ್ರತಿಗಳನ್ನು ಎರಡು ಕಡೆ ಇಡಿ. ಒಂದನ್ನು ಆ ಹಿರಿಯರ ಮನೆಗೇ ಕೊಡಿ. ಉತ್ತಮ ಮೈಕ್ರೊಫೋನಿಗಾಗಿ ಒಂದು ತಿಂಗಳು ಕಾಯಬಹುದೆಂದು ತೋರಿದರೆ, ಹಟ್ಟಿಯ ಆ ಹಿರಿಯರು ಗಣೆಯನ್ನು ಹಿಡಿದು ನಕ್ಕುದನ್ನು ಜ್ಞಾಪಿಸಿಕೊಳ್ಳಿ.