ಮಂಗನ ಕಾಯಿಲೆ ಮತ್ತು ಹುಡುಕಾಟದ ಬಲೆ
(ಸಂಘದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ಒಂದು ಲಸಿಕೆಯನ್ನು ಯಾರಿಗೆ, ಹೇಗೆ ನೀಡಬೇಕೆಂದು ಸರ್ಕಾರ ನಿರ್ಧರಿಸುವಾಗ ಒಬ್ಬಿಬ್ಬರು ತಜ್ಞರ ಅಭಿಪ್ರಾಯ ಸಾಲದು. ಆ ವಿಷಯದ ಸಂಶೋಧನೆಗಳನ್ನೆಲ್ಲ ನಿಯಮಬದ್ಧವಾಗಿ ಹುಡುಕಿ, ತೂಗಿ ನೋಡುವ ಕ್ರಮಕ್ಕೆ ವ್ಯವಸ್ಥಿತ ಪರಾಮರ್ಶೆ ಎಂದು ಹೆಸರು. 1993ರಲ್ಲಿ ಕಾಕ್ರೇನ್ ಸಂಸ್ಥೆ ಸ್ಥಾಪನೆಯಾದ ಮೇಲೆ ಈ ಕ್ರಮ ವೈದ್ಯಲೋಕದಲ್ಲಿ ಬೇರೂರಿತು. ಆದರೆ ಹುಡುಕಾಟದಲ್ಲಿ ಸಿಗದ ಬರಹ ತಕ್ಕಡಿಯನ್ನೇ ಏರುವುದಿಲ್ಲ. ಕಡತಗಳ ನಡುವೆ ವೃತ್ತಿಜೀವನ ಕಳೆದ ನನ್ನಂಥವನಿಗೆ ಇದು ಹೊಸ ಮಾತಲ್ಲ. ಕಡತಕ್ಕೆ ಬಾರದ ಸಂಗತಿ ನಡೆದೇ ಇಲ್ಲವೆಂಬಂತೆ ಕಚೇರಿಗಳು ವರ್ತಿಸುತ್ತವೆ. ಈ ವಿಚಾರವನ್ನು ನಮ್ಮ ನಾಡಿನದೇ ಒಂದು ಕಾಯಿಲೆಯ ಮೂಲಕ ನಿವೇದಿಸುತ್ತೇನೆ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲ ಹಳ್ಳಿಗರು ತೀವ್ರ ಜ್ವರಕ್ಕೆ ತುತ್ತಾದರು. ಕಾಡಿನ ಉಣುಗುಗಳಿಂದ ಹರಡುವ ಹೊಸ ವೈರಸ್ಸೊಂದು ಇದಕ್ಕೆ ಕಾರಣವೆಂದು ತಿಳಿದುಬಂತು. ಮಲೆನಾಡಿಗರಿಗೆ ಅದು ಮಂಗನ ಕಾಯಿಲೆ. ವೈದ್ಯರಿಗೆ ಕ್ಯಾಸನೂರು ಅರಣ್ಯ ರೋಗ, ಅಂದರೆ ಕೆ.ಎಫ್.ಡಿ. 2012ರಿಂದೀಚೆಗೆ ಅದು ಬಂಡೀಪುರ, ನೀಲಗಿರಿ, ವಯನಾಡು, ಗೋವಾ, ಸಿಂಧುದುರ್ಗಗಳಲ್ಲಿಯೂ ಕಾಣಿಸಿಕೊಂಡಿದೆ. ಗೋವಾದ ಗೇರುತೋಟಗಳಿಗೆ ಕೂಲಿಗೆ ಹೋದ ಬೆಳಗಾವಿ ಜಿಲ್ಲೆಯವರಿಗೂ ತಗುಲಿದೆ. ದಶಕಗಳ ಕಾಲ ನೀಡಿದ ಹಳೆಯ ಲಸಿಕೆಯ ಬಳಕೆ 2022ರಲ್ಲಿ ನಿಂತಿತು. ಹೊಸ ಲಸಿಕೆ ಬಂದಾಗ ಒಂದು ಪ್ರಶ್ನೆಯನ್ನು ಕೇಳಲೇಬೇಕಾಗುತ್ತದೆ: ಹಿಂದಿನ ಲಸಿಕೆಯನ್ನು ಜನ ಏಕೆ ಹಾಕಿಸಿಕೊಂಡರು, ಏಕೆ ಬೇಡವೆಂದರು?

ಇದನ್ನು ಗಣಕಯಂತ್ರದ ದತ್ತಸಂಚಯದಲ್ಲಿ ಹುಡುಕುವುದು ಹೇಗೆ? ರೋಗ, ಲಸಿಕೆ, ಹಳ್ಳಿಗರು, ನಿರಾಕರಣೆ ಎಂಬ ನಾಲ್ಕು ಅಂಶಗಳನ್ನೂ ‘ಮತ್ತು’ ಎಂಬ ಕೊಂಡಿಯಿಂದ ಬೆಸೆಯುವುದು ಸಹಜವೆನಿಸುತ್ತದೆ. ಆದರೆ ಒಂದೊಂದು ‘ಮತ್ತು’ ಕೂಡಿದಂತೆ ಕೆಲವು ಲೇಖನಗಳು ಬಲೆಯಿಂದ ಜಾರುತ್ತವೆ. ಜನರ ನಿರಾಕರಣೆಯ ವಿಷಯ ಲೇಖನದ ಒಳಗಿನ ಒಂದು ಕೋಷ್ಟಕದಲ್ಲಿರಬಹುದು, ಸಾರಾಂಶದಲ್ಲಿ ಇಲ್ಲದಿರಬಹುದು. ಮೆಡ್‌ಲೈನ್ ಸೂಚಿಯಲ್ಲಿ 1975ಕ್ಕಿಂತ ಹಿಂದಿನ ಲೇಖನಗಳಿಗೆ ಸಾಮಾನ್ಯವಾಗಿ ಸಾರಾಂಶವೇ ಇಲ್ಲ. ಕ್ಷಯ ಅಥವಾ ಮಲೇರಿಯಾದಂಥ ವಿಷಯದಲ್ಲಿ ಬರಹಗಳು ಸಾಗರದಷ್ಟಿರುವುದರಿಂದ ಎರಡನೆಯ ಅಂಶ ಅನಿವಾರ್ಯ. ಮಂಗನ ಕಾಯಿಲೆಯ ಸಾಹಿತ್ಯವಾದರೋ ಕಣ್ಣಿನಿಂದಲೇ ಜರಡಿ ಹಿಡಿಯುವಷ್ಟು ಚಿಕ್ಕದು. ಆದ್ದರಿಂದ ರೋಗವೊಂದನ್ನೇ ಹಿಡಿದು, ಅದರ ಹೆಸರುಗಳನ್ನೆಲ್ಲ ‘ಅಥವಾ’ ಎಂಬ ಕೊಂಡಿಯಿಂದ ಜೋಡಿಸಿ, ಉಳಿದುದನ್ನು ಓದಿ ಆರಿಸುವುದೇ ಕ್ಷೇಮ.

ಹೆಸರುಗಳೆಂದರೆ ಪೂರ್ಣನಾಮ, ಸಂಕ್ಷೇಪ, ಕಾಗುಣಿತದ ಭೇದಗಳು, ಇಂಗ್ಲಿಷಿನಲ್ಲಿ ಬಳಕೆಯಾಗುವ ‘ಮಂಕಿ ಫೀವರ್’, ಜೊತೆಗೆ ಸೂಚಿಕಾರರು ಕೊಟ್ಟ ಅಧಿಕೃತ ಶೀರ್ಷಿಕೆ. 1990ರ ದಶಕದಲ್ಲಿ ಸೌದಿ ಅರೇಬಿಯಾದಲ್ಲಿ ಪತ್ತೆಯಾದ ಅಲ್‌ಖುರ್ಮಾ ವೈರಸ್ ಇದರ ಹತ್ತಿರದ ಬಂಧು. ಅದನ್ನು ಸೇರಿಸಬೇಕೇ ಬೇಡವೇ ಎಂಬುದನ್ನು ಮೊದಲೇ ನಿರ್ಧರಿಸಿ ಬರೆದಿಡಬೇಕು. ಸ್ಥಳದ ಹೆಸರಿನಿಂದ ಹುಡುಕುವವರು 1973ಕ್ಕೆ ಮುಂಚಿನ ಮೈಸೂರು ರಾಜ್ಯವನ್ನೂ, ಇಂದಿನ ಶಿವಮೊಗ್ಗದೊಡನೆ ಅಂದಿನ ‘ಶಿಮೋಗಾ’ವನ್ನೂ, ಉತ್ತರ ಕನ್ನಡದೊಡನೆ ‘ನಾರ್ತ್ ಕೆನರಾ’ವನ್ನೂ ಮರೆಯಬಾರದು. ‘ಪ್ರಾಣಿಗಳ ಅಧ್ಯಯನ ಬೇಡ’ ಎಂದು ತೆಗೆದುಹಾಕುವ ಕೊಂಡಿ ಇಲ್ಲಿ ಅಪಾಯಕರ. ಮಂಗಗಳ ಸಾವಿನೊಡನೆ ಮನುಷ್ಯರ ಕಥೆಯನ್ನೂ ಹೇಳುವ ವರದಿಗಳು ಅದರಿಂದ ಕಳೆದುಹೋಗಬಹುದು.

ಬಲೆ ಹೆಣೆದ ಮೇಲೆ ಅದನ್ನು ಪರೀಕ್ಷಿಸಬೇಕು. ವಿಷಯಕ್ಕೆ ಸೇರಿದ್ದೆಂದು ಮೊದಲೇ ಬಲ್ಲ ಹತ್ತಾರು ಲೇಖನಗಳು ಅದರಲ್ಲಿ ಸಿಕ್ಕಿದವೇ? ಸಿಗದಿದ್ದರೆ ಯಾವ ಪದದ ಕೊರತೆಯಿಂದ? ಇನ್ನೊಬ್ಬ ಗ್ರಂಥಪಾಲಕರಿಗೂ ತೋರಿಸಬೇಕು. ಯಾವ ಸಂಚಯ, ಯಾವ ದಿನಾಂಕ, ಯಾವ ಪದಗಳು ಎಂಬುದನ್ನು ಯಥಾವತ್ತಾಗಿ ಪ್ರಕಟಿಸಬೇಕು. 2020ರ ‘ಪ್ರಿಸ್ಮಾ’ ನಿಯಮಾವಳಿಯೂ ಅದನ್ನೇ ವಿಧಿಸುತ್ತದೆ.

ಈಗ ನಮಗೆ ಸಂಬಂಧಿಸಿದ ಮಾತು. ಮೆಡ್‌ಲೈನ್, ಎಂಬೇಸ್‌ಗಳಷ್ಟೇ ಅಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ಆಗ್ನೇಯ ಏಷ್ಯಾ ಸೂಚಿಯನ್ನೂ ನೋಡಿದರೂ ತಾಲ್ಲೂಕು ಆರೋಗ್ಯ ಕಚೇರಿಯ ಕನ್ನಡ ಟಿಪ್ಪಣಿಯಾಗಲಿ, ಮಲೆನಾಡಿನ ಪತ್ರಿಕೆಯ ವರದಿಯಾಗಲಿ ದೊರೆಯುವುದಿಲ್ಲ. ಊರಿನವರು ಸೂಜಿಗೆ ಏಕೆ ಹಿಂಜರಿದರು, ಎರಡನೆಯ ಸಲ ಏಕೆ ಬರಲಿಲ್ಲ ಎಂಬುದು ದಾಖಲಾಗಿದ್ದರೆ ಅಂಥ ಕಡೆಯಲ್ಲಿಯೇ ಹೆಚ್ಚು. ಪರಾಮರ್ಶೆ ಮಾಡುವವರು ‘ಇಂಗ್ಲಿಷ್ ಬರಹಗಳು ಮಾತ್ರ’ ಎಂದು ಗುರುತು ಹಾಕಿದರೆ ಆ ಜನರ ಕಾರಣಗಳು ಲೆಕ್ಕದಿಂದಲೇ ಹೊರಗುಳಿಯುತ್ತವೆ. ಆಮೇಲೆ ‘ಪುರಾವೆ ಇಲ್ಲ’ ಎಂಬ ವಾಕ್ಯ ಶಿಫಾರಸಿನಲ್ಲಿ ಸೇರುತ್ತದೆ. ಹುಡುಕಿ ಕಾಣದಿರುವುದು ಬೇರೆ, ಹುಡುಕದೆ ಇಲ್ಲವೆನ್ನುವುದು ಬೇರೆ.

ಹೊರನಾಡಿನ ಆಸ್ಪತ್ರೆ, ವಿಶ್ವವಿದ್ಯಾಲಯ, ಗ್ರಂಥಾಲಯಗಳಲ್ಲಿ ದುಡಿಯುವವರು ನಮ್ಮ ನಡುವೆ ಇದ್ದಾರೆ. ನಿಮ್ಮ ಸಂಸ್ಥೆಯಲ್ಲಿ ಇಂಥ ಪರಾಮರ್ಶೆ ನಡೆದಾಗ ಕನ್ನಡದ ದಾಖಲೆಗಳಿರುವ ಸಾಧ್ಯತೆಯನ್ನು ತಿಳಿಸಿ. ಓದಿ ಸಾರ ಹೇಳಲು ಮುಂದಾಗಿ. ಭಾಷಾಭಿಮಾನಕ್ಕೆ ಮೆರವಣಿಗೆಯೊಂದೇ ದಾರಿಯಲ್ಲ. ಕಾಡಿನಂಚಿನಲ್ಲಿ ಸೊಪ್ಪು ಸೌದೆಗೆ ಹೋಗುವವರ ಮಾತು ನೀತಿ ರೂಪಿಸುವವರ ಮೇಜಿಗೆ ತಲುಪುವಂತೆ ಮಾಡುವುದೂ ಕನ್ನಡದ ಕೆಲಸವೇ. ನಮ್ಮ ಸಂಘ ಇದಕ್ಕಾಗಿ ಐದಾರು ಮಂದಿಯ ಚಿಕ್ಕ ತಂಡವೊಂದನ್ನು ರಚಿಸಬೇಕೆಂದು ವಿನಂತಿಸಿ ಮಾತು ಮುಗಿಸುತ್ತೇನೆ.